ಕೊನೆಗೆ ಬಂದವರು ಉಳಿದರು, ಮೊದಲು ಬಂದವರು ಹೋದರು

ನಮ್ಮ ಚಿಕ್ಕಬಳ್ಳಾಪುರ ಕಡೆ ಮದುವೆ, ಗೃಹಪ್ರವೇಶ, ತಿಥಿ ಎಲ್ಲಿಗೆ ಹೋದರೂ ಈಗ ಒಂದು ಪ್ರಶ್ನೆ ಕೇಳಿಬರುತ್ತದೆ. ‘ಏನಪ್ಪಾ, ನಿಮ್ಮಣ್ಣಂದು ಇನ್ನೂ ವರ್ಕ್ ಫ್ರಮ್ ಹೋಮಾ?’

ಕೊರೊನಾ ಕಾಲದಲ್ಲಿ ಈ ಪ್ರಶ್ನೆಯಲ್ಲಿ ಹೊಟ್ಟೆಕಿಚ್ಚು ಇತ್ತು. ಮನೇಲಿ ಕೂತು ಅಷ್ಟೊಂದು ಸಂಬಳ ತಗೋತಾನಲ್ಲ ಅಂತ. ಈಗ ಅದೇ ಪ್ರಶ್ನೆಯಲ್ಲಿ ಅನುಮಾನ ಇದೆ. ಬೆಂಗಳೂರಿನ ಕಂಪನಿಗಳು ವಾರಕ್ಕೆ ಮೂರು ದಿನ, ಕೆಲವು ಐದೂ ದಿನ ಆಫೀಸಿಗೆ ಬನ್ನಿ ಅನ್ನುತ್ತಿರುವಾಗ, ನಲವತ್ತೆಂಟು ಐವತ್ತರ ಗಂಡಸು ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಚಿಂತಾಮಣಿ ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದರೆ ಜನ ಎರಡು ಸಲ ನೋಡುತ್ತಾರೆ. ಆತ ‘ಹೂಂ, ಹೈಬ್ರಿಡ್ಡು’ ಅಂದು ಮಾತು ಬದಲಿಸುತ್ತಾನೆ. ಹೀಗೆ ಮಾತು ಬದಲಿಸುವವರು ನನಗೆ ಗೊತ್ತಿರುವಂತೆಯೇ ಮೂವರಿದ್ದಾರೆ. ಒಬ್ಬರು ಚಿಂತಾಮಣಿ, ಒಬ್ಬರು ಗೌರಿಬಿದನೂರು, ಇನ್ನೊಬ್ಬರು ನಮ್ಮ ಬೀದಿಯವರೇ.

ನನಗೆ ಈಗ ಮೂವತ್ತೊಂದು. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ವಾರದಲ್ಲಿ ಮೂರು ದಿನ ಚಿಕ್ಕಬಳ್ಳಾಪುರದಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕೆಲಸ ಹೋಗುವ ಭಯ ಇರಬೇಕಾದದ್ದು ನನ್ನಂಥ ಹೊಸಬರಿಗೆ ಎಂದು ನೀವು ಅಂದುಕೊಂಡಿದ್ದರೆ, ಕಂಪನಿಗಳಲ್ಲಿ ನಡೆಯುತ್ತಿರುವುದು ಅದಕ್ಕೆ ಪೂರ್ತಿ ಉಲ್ಟಾ.

ನಮ್ಮ ಕಡೆಯಿಂದ ಸಾಫ್ಟ್‌ವೇರ್‌ಗೆ ಹೋದ ಮೊದಲ ತಲೆಮಾರನ್ನು ನೆನಪಿಸಿಕೊಳ್ಳಿ. 1998, 1999ರ ಹೊತ್ತಿಗೆ ಬಿಇ ಮುಗಿಸಿದವರು. ವೈ2ಕೆ ಗದ್ದಲದಲ್ಲಿ ಕೆಲಸ ಸಿಕ್ಕಿ, ಊರಿಗೆ ಮೊದಲ ಸಲ ಕಾರು ತಂದವರು, ತಂಗಿಯರ ಮದುವೆ ಮಾಡಿದವರು, ಅಪ್ಪನ ಬೋರ್‌ವೆಲ್ ಸಾಲ ತೀರಿಸಿದವರು. ಅವರನ್ನು ತೋರಿಸಿಯೇ ನಮ್ಮಪ್ಪ ಅಮ್ಮ ನಮ್ಮನ್ನು ಓದಿಸಿದ್ದು. ಆ ಅಣ್ಣಂದಿರಿಗೆ ಈಗ ಐವತ್ತರ ಹತ್ತಿರ. ಮಕ್ಕಳು ಪಿಯುಸಿಯಲ್ಲೋ ಸಿಇಟಿ ಕೋಚಿಂಗ್‌ನಲ್ಲೋ ಇದ್ದಾರೆ. ಅಪ್ಪ ಅಮ್ಮನಿಗೆ ಎಂಬತ್ತರ ಹತ್ತಿರ. ಯಲಹಂಕದಲ್ಲೋ ವೈಟ್‌ಫೀಲ್ಡ್‌ನಲ್ಲೋ ಕೊಂಡ ಫ್ಲಾಟಿನ ಕಂತು ಅರವತ್ತರವರೆಗೂ ಇದೆ. ಮನೆಯ ಖರ್ಚು ಅತಿ ಹೆಚ್ಚು ಇರುವ ವಯಸ್ಸು ಇದು. ಕಂಪನಿಗೆ ಅವರು ‘ದುಬಾರಿ’ಯಾಗಿ ಕಾಣುವುದೂ ಇದೇ ವಯಸ್ಸಿನಲ್ಲಿ.

ನಮ್ಮ ಟೀಮಿನಲ್ಲಿ ಒಬ್ಬರಿದ್ದರು. ಆಫೀಸಿನಲ್ಲಿ ಎಲ್ಲರನ್ನೂ ಹೆಸರು ಹಿಡಿದು ಕರೆಯುವುದು ರೂಢಿ, ಆದರೆ ಅವರು ಚಿಂತಾಮಣಿ ಕಡೆಯವರು ಎಂದು ಗೊತ್ತಾದ ದಿನದಿಂದ ನನ್ನ ಬಾಯಲ್ಲಿ ‘ಸರ್’ ಬಿಟ್ಟು ಬೇರೆ ಬರಲಿಲ್ಲ. ವಯಸ್ಸು ನಲವತ್ತೊಂಬತ್ತು. ಆ ಕಂಪನಿಯಲ್ಲೇ ಹದಿನಾಲ್ಕು ವರ್ಷ. ಬ್ಯಾಂಕಿನ ಹಳೆಯ ಸಿಸ್ಟಮ್ಮಿನಲ್ಲಿ ರಾತ್ರಿ ಎರಡಕ್ಕೆ ಏನಾದರೂ ನಿಂತರೆ ಅವರಿಗೇ ಫೋನು. ನಲವತ್ತಾರನೇ ವಯಸ್ಸಿನಲ್ಲಿ ಕೂತು ಓದಿ ಕ್ಲೌಡ್ ಪರೀಕ್ಷೆ ಪಾಸು ಮಾಡಿದವರು. ‘ನನ್ನ ಮಗಳೂ ನಾನೂ ಒಂದೇ ಟೇಬಲ್ ಮೇಲೆ ಪರೀಕ್ಷೆಗೆ ಓದ್ತೀವಪ್ಪಾ’ ಅಂತ ನಗುತ್ತಿದ್ದರು.

ಒಂದು ಗುರುವಾರ ಅವರ ಕ್ಯಾಲೆಂಡರಿಗೆ ಅರ್ಧ ಗಂಟೆಯ ಮೀಟಿಂಗ್ ಬಂತು. ವಿಷಯ ಏನು ಎಂದು ಬರೆದಿರಲಿಲ್ಲ. ಒಳಗೆ ಎಚ್‌ಆರ್‌ನವರು ಇಬ್ಬರು, ಪರದೆ ಮೇಲೆ ಇನ್ನೊಂದು ಊರಿನ ಮ್ಯಾನೇಜರ್ ಒಬ್ಬರು. ಅವರು ಹೇಳಿದ್ದಿಷ್ಟು: ನಿಮ್ಮ ಹುದ್ದೆ ಮುಂದಿನ ರಚನೆಯಲ್ಲಿ ಇಲ್ಲ. ನೀವಾಗಿಯೇ ಇವತ್ತು ರಾಜೀನಾಮೆ ಕೊಟ್ಟರೆ ಮೂರು ತಿಂಗಳ ಸಂಬಳ, ರಿಲೀವಿಂಗ್ ಲೆಟರ್‌ನಲ್ಲಿ ಒಳ್ಳೆಯ ಮಾತು. ಕೊಡದಿದ್ದರೆ ಕಂಪನಿ ತೆಗೆಯುತ್ತದೆ, ಆಗ ಮುಂದಿನ ಕಂಪನಿಯವರು ವಿಚಾರಿಸಿದರೆ ಹಾಗೇ ಹೇಳಬೇಕಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ರಾಜೀನಾಮೆಯ ಪುಟ ಆಗಲೇ ತೆರೆದಿತ್ತು. ‘ಕಾರಣ’ ಎಂಬ ಕಡೆ ‘ವೈಯಕ್ತಿಕ’ ಎಂದು ಆರಿಸಿಯೂ ಇತ್ತು. ಮನೆಗೆ ಫೋನ್ ಮಾಡಿ ಬರುತ್ತೇನೆ ಅಂದರೆ, ಇಲ್ಲಿಂದಲೇ ಮಾಡಿ ಅಂದರಂತೆ. ಎಚ್‌ಆರ್‌ನವರ ಎದುರು ಕೂತು ಹೆಂಡತಿಗೆ ಏನೆಂದು ಹೇಳುವುದು? ಅವರು ಫೋನ್ ಮಾಡಲಿಲ್ಲ. ಒಟ್ಟು ನಲವತ್ತು ನಿಮಿಷದಲ್ಲಿ ಹದಿನಾಲ್ಕು ವರ್ಷದ ಕೆಲಸ ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ಅವರ ಬ್ಯಾಡ್ಜಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಊಟದ ಡಬ್ಬಿಯನ್ನು ಸೆಕ್ಯುರಿಟಿಯವರ ಹತ್ತಿರ ತಂದುಕೊಟ್ಟಿದ್ದು ನಾನೇ.

ಆ ವಾರ ನಮ್ಮ ಫ್ಲೋರಿನಿಂದ ಹೋದವರು ಒಂಬತ್ತು ಜನ. ಎಂಟು ಜನ ನಲವತ್ತೈದು ದಾಟಿದವರು. ಅದೇ ತಿಂಗಳು ಕ್ಯಾಂಪಸ್‌ನಿಂದ ಹೊಸ ಹುಡುಗರ ಒಂದು ಬ್ಯಾಚ್ ಬಂದು ಸೇರಿತು.

ಆದರೆ ‘ವಯಸ್ಸು’ ಎಂಬ ಪದ ಯಾವ ಕಾಗದದಲ್ಲೂ ಇಲ್ಲ, ಯಾರೂ ಬಾಯಿಬಿಟ್ಟು ಹೇಳಿಯೂ ಇಲ್ಲ. ಹೇಳುವುದು ಬೇರೆ ಪದಗಳಲ್ಲಿ. ರಚನೆ ಬದಲಾಗುತ್ತಿದೆ, ವೆಚ್ಚ ಸರಿಹೊಂದಿಸಬೇಕು, ಕೌಶಲ ಹೊಂದಾಣಿಕೆ ಆಗುತ್ತಿಲ್ಲ, ನಿಮ್ಮ ಲೆವೆಲ್‌ಗೆ ಪ್ರಾಜೆಕ್ಟ್ ಇಲ್ಲ, ಬೆಂಚ್ ದಿನ ಜಾಸ್ತಿ ಆಯಿತು. ಹೊಸ ಕೆಲಸ ಹುಡುಕಲು ಹೋದರೆ ‘ನೀವು ಓವರ್ ಕ್ವಾಲಿಫೈಡ್’ ಎನ್ನುತ್ತಾರೆ. ಕೇಳಲು ಹೊಗಳಿಕೆಯ ಹಾಗಿರುತ್ತದೆ!

ಇದು ಒಂದು ಕಂಪನಿಯ ಕಥೆಯಲ್ಲ. 2025ರ ಜುಲೈ ಕೊನೆಯಲ್ಲಿ ದೇಶದ ಅತಿ ದೊಡ್ಡ ಐಟಿ ಕಂಪನಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ತಾನೇ ಹೇಳಿತು. ಹೋಗುವವರು ಹೆಚ್ಚಾಗಿ ಮಧ್ಯಮ ಮತ್ತು ಹಿರಿಯ ದರ್ಜೆಯವರು ಎಂದೂ ಹೇಳಿತು. ಎಐ ಇದಕ್ಕೆ ಕಾರಣವಲ್ಲ, ಕೌಶಲ ಹೊಂದಾಣಿಕೆಯ ಪ್ರಶ್ನೆ ಎನ್ನುವುದು ಕಂಪನಿಯ ವಿವರಣೆ. ಅದಕ್ಕೆ ಮುಂಚೆ ಜೂನ್‌ನಲ್ಲಿ ಅಲ್ಲಿ ಹೊಸ ನಿಯಮ ಬಂದಿತ್ತು: ವರ್ಷಕ್ಕೆ 225 ದಿನ ಗ್ರಾಹಕರಿಗೆ ಬಿಲ್ ಆಗುವ ಕೆಲಸದಲ್ಲಿರಬೇಕು, ಬೆಂಚ್ 35 ದಿನ ಮೀರಬಾರದು. ನಮ್ಮ ರಾಜ್ಯದ ಐಟಿ ನೌಕರರ ಸಂಘ ಕೆಐಟಿಯು ಈ ಬಗ್ಗೆ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿತು.

ಬೆಂಚ್ ಲೆಕ್ಕ ಹಿರಿಯರಿಗೆ ಏಕೆ ಕಷ್ಟ ಎಂದು ಹೊರಗಿನವರಿಗೆ ಅರ್ಥವಾಗುವುದಿಲ್ಲ, ಸ್ವಲ್ಪ ಹೇಳುತ್ತೇನೆ. ಐಟಿ ಕಂಪನಿ ಅಂದರೆ ಪಿರಮಿಡ್ ಇದ್ದಂತೆ. ಕೆಳಗೆ ಹುಡುಗರು ಬಹಳ, ಮೇಲಕ್ಕೆ ಹೋದಂತೆ ಜನ ಕಡಿಮೆ. ವರ್ಷ ವರ್ಷ ಹೊಸಬರು ಸೇರುತ್ತಾ, ಕಂಪನಿ ಬೆಳೆಯುತ್ತಾ ಇದ್ದರೆ ಮೇಲೆ ಹೋದವರಿಗೆಲ್ಲ ಜಾಗ ಇರುತ್ತದೆ. ಬೆಳವಣಿಗೆ ನಿಧಾನವಾದರೆ ಮಧ್ಯದಲ್ಲಿ ಹೊಟ್ಟೆ ಬರುತ್ತದೆ. ಇಪ್ಪತ್ತು ವರ್ಷ ಅನುಭವದವರ ಒಂದು ಸಂಬಳದಲ್ಲಿ ಹಲವು ಫ್ರೆಶರ್‌ಗಳನ್ನು ಸಾಕಬಹುದು. ಗ್ರಾಹಕ ಒಂದು ಪ್ರಾಜೆಕ್ಟಿಗೆ ಹಿರಿಯರು ಇಬ್ಬರು ಸಾಕು ಎಂದರೆ ಮೂರನೆಯವರು ಬೆಂಚಿಗೆ ಹೋಗುತ್ತಾರೆ. ಇಪ್ಪತ್ತೈದರ ಹುಡುಗನಿಗೆ ಮುಂದಿನ ಪ್ರಾಜೆಕ್ಟು ಒಂದು ವಾರದಲ್ಲಿ ಸಿಗುತ್ತದೆ, ಐವತ್ತರವರಿಗೆ ಮೂರು ತಿಂಗಳಾದರೂ ಸಿಗುವುದಿಲ್ಲ. ನಿಯಮ ಇಬ್ಬರಿಗೂ ಒಂದೇ. ಏಟು ಬೀಳುವುದು ಒಬ್ಬರಿಗೆ.

ಹೊಸದನ್ನು ಕಲಿಯದೆ ಕೂತ ಹಿರಿಯರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಹತ್ತು ವರ್ಷದಿಂದ ಒಂದು ಸಾಲು ಕೋಡ್ ಬರೆಯದೆ ಬರೀ ಎಕ್ಸೆಲ್ ಶೀಟ್ ಕಳಿಸುವವರ ಕೆಳಗೆ ನಾನೂ ಕೆಲಸ ಮಾಡಿದ್ದೇನೆ. ಅಂಥವರನ್ನು ಕೂರಿಸಿ ಪರೀಕ್ಷೆ ಮಾಡಿ, ಕಲಿಯಲು ಸಮಯ ಕೊಟ್ಟು, ಆಗಲೂ ಆಗದಿದ್ದರೆ ಬಿಡಿ ಅನ್ನಿ, ಅದಕ್ಕೊಂದು ನ್ಯಾಯ ಇದೆ. ಆದರೆ ನಮ್ಮ ಸರ್‌ಗೆ ಯಾರೂ ಪರೀಕ್ಷೆ ಮಾಡಲಿಲ್ಲ. ಅವರು ಪಾಸು ಮಾಡಿದ್ದ ಪರೀಕ್ಷೆಯನ್ನೂ ಯಾರೂ ನೋಡಲಿಲ್ಲ.

ಇಷ್ಟೆಲ್ಲ ಆದಮೇಲೆ ನಾನು ಕಾನೂನು ಏನು ಹೇಳುತ್ತದೆ ಎಂದು ಓದಲು ಕೂತೆ. ಅಲ್ಲಿ ಸಿಕ್ಕಿದ್ದೊಂದು ಸಾಲು ನನಗೆ ನಿಜಕ್ಕೂ ಆಶ್ಚರ್ಯ ತಂದಿತು. ನಮ್ಮ ದೇಶದ ಕೈಗಾರಿಕಾ ವಿವಾದ ಕಾಯ್ದೆ 1947ರದ್ದು. ಅದಕ್ಕೆ 1953ರಲ್ಲಿ ತಂದ ತಿದ್ದುಪಡಿಯಲ್ಲಿ ಒಂದು ನಿಯಮ ಸೇರಿಸಿದರು: ಜನರನ್ನು ಕಡಿಮೆ ಮಾಡಬೇಕಾಗಿ ಬಂದರೆ, ಸಾಮಾನ್ಯವಾಗಿ ಆ ವರ್ಗದಲ್ಲಿ ಕೊನೆಗೆ ಸೇರಿದವನು ಮೊದಲು ಹೋಗಬೇಕು. ಬೇರೆಯವನನ್ನು ತೆಗೆದರೆ ಮಾಲೀಕ ಅದಕ್ಕೆ ಕಾರಣ ಬರೆದಿಡಬೇಕು. ಕೆಲಸ ಹೋದವನಿಗೆ ಒಂದು ತಿಂಗಳ ನೋಟಿಸ್ ಕೊಡಬೇಕು, ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ ಪರಿಹಾರ ಕೊಡಬೇಕು. ಮುಂದೆ ಮತ್ತೆ ಜನ ಬೇಕಾದರೆ ಮೊದಲು ಅವನನ್ನೇ ಕರೆಯಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಈ ‘ಕೊನೆಗೆ ಬಂದವನು ಮೊದಲು’ ನಿಯಮ ಹಾಗೇ ಉಳಿದಿದೆ.

ಆ ನಿಯಮದಲ್ಲಿ ಎಲ್ಲೂ ವಯಸ್ಸು ಎಂದಿಲ್ಲ. ಆದರೆ ಒಂದು ಕಡೆ ವರ್ಷಗಟ್ಟಲೆ ದುಡಿದವನಿಗೆ ಆ ಜಾಗದ ಮೇಲೆ ಹೆಚ್ಚು ಹಕ್ಕಿದೆ ಎಂದು ಒಪ್ಪಿಕೊಂಡಿದ್ದಾರೆ. ಆ ವಯಸ್ಸಿಗೆ ಮತ್ತೊಂದು ಕೆಲಸ ಸಿಗುವುದು ಕಷ್ಟ ಎಂಬುದು ಆಗಲೂ ಎಲ್ಲರಿಗೂ ಗೊತ್ತಿದ್ದ ವಿಷಯವೇ. ನಮ್ಮ ಫ್ಲೋರಿನಲ್ಲಿ ನಡೆದದ್ದು ಈ ನಿಯಮ ತಲೆಕೆಳಗಾದ ರೂಪ. ಮೊದಲು ಬಂದವರು ಮೊದಲು ಹೋದರು.

ಅದು ಹೇಗೆ ಸಾಧ್ಯವಾಯಿತು? ಉತ್ತರ ಆ ರಾಜೀನಾಮೆ ಪುಟದಲ್ಲಿದೆ. ಕಂಪನಿ ತೆಗೆದರೆ ಅದು ‘ಛಾಟಣಿ’. ಆಗ ನೋಟಿಸ್, ಪರಿಹಾರ, ಯಾರು ಮೊದಲು ಯಾರು ಆಮೇಲೆ ಎಂಬ ಪ್ರಶ್ನೆ ಎಲ್ಲ ಬರುತ್ತದೆ. ನೌಕರನೇ ವೈಯಕ್ತಿಕ ಕಾರಣಕ್ಕೆ ಬಿಟ್ಟುಹೋದರೆ ಇದ್ಯಾವುದೂ ಇಲ್ಲ. ಸರಳವಾಗಿ ಹೇಳಬೇಕೆಂದರೆ, ಆ ನಲವತ್ತು ನಿಮಿಷದಲ್ಲಿ ಅವರು ಒತ್ತಿದ ಒಂದು ಬಟನ್ನು ಎಪ್ಪತ್ತು ವರ್ಷದ ನಿಯಮವನ್ನು ಪಕ್ಕಕ್ಕೆ ಸರಿಸಿತು.

ಇನ್ನೊಂದು ತೊಡಕಿದೆ. ಈ ರಕ್ಷಣೆ ‘ಕಾರ್ಮಿಕ’ರಿಗೆ ಮಾತ್ರ. ಮ್ಯಾನೇಜರ್ ಕೆಲಸ ಮಾಡುವವರಿಗೆ ಇಲ್ಲ, ಮೇಲ್ವಿಚಾರಣೆ ಮಾಡುತ್ತಾ ನಿಗದಿತ ಮಿತಿಗಿಂತ ಹೆಚ್ಚು ಸಂಬಳ ಪಡೆಯುವವರಿಗೂ ಇಲ್ಲ. ಆ ಮಿತಿ ಹೊಸ ಸಂಹಿತೆಯಲ್ಲಿ ತಿಂಗಳಿಗೆ 18,000 ರೂಪಾಯಿ. ನಮ್ಮಲ್ಲಿ ಎಂಟು ವರ್ಷ ಆದವರಿಗೆಲ್ಲ ಏನಾದರೊಂದು ‘ಮ್ಯಾನೇಜರ್’ ಎಂಬ ಬಾಲ ಹಚ್ಚಿರುತ್ತಾರೆ. ಬಡ್ತಿ ಎಂದು ಸಂತೋಷಪಡುತ್ತೇವೆ, ಮನೆಗೆ ಸ್ವೀಟ್ ಬಾಕ್ಸ್ ಬೇರೆ ತರುತ್ತೇವೆ. ಆದರೆ ಕೋರ್ಟು ನೋಡುವುದು ಹುದ್ದೆಯ ಹೆಸರನ್ನಲ್ಲ, ನಿಜವಾಗಿ ಮಾಡುತ್ತಿದ್ದ ಕೆಲಸವನ್ನು. 2015ರಲ್ಲಿ ಟಿಸಿಎಸ್ ತೆಗೆದಿದ್ದ ಒಬ್ಬ ಇಂಜಿನಿಯರ್ ಚೆನ್ನೈನ ಕಾರ್ಮಿಕ ನ್ಯಾಯಾಲಯಕ್ಕೆ ಹೋದಾಗಲೂ ಆತ ಮ್ಯಾನೇಜರ್, ಕಾರ್ಮಿಕನಲ್ಲ ಎಂಬ ವಾದ ಬಂತು. ನ್ಯಾಯಾಲಯ ಒಪ್ಪಲಿಲ್ಲ, ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಎಂದು 2022ರಲ್ಲಿ ಆದೇಶ ಮಾಡಿತು. ಗೆದ್ದರು ನಿಜ. ಹಿಡಿದದ್ದು ಏಳು ವರ್ಷ. ಮನೆ ಕಂತು ಏಳು ವರ್ಷ ಕಾಯುತ್ತದೆಯೇ?

ಐಟಿಗೆ ಕಾರ್ಮಿಕ ಕಾನೂನೇ ಇಲ್ಲ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ಕೊಡುತ್ತ ಬಂದ ವಿನಾಯಿತಿ ಸ್ಥಾಯಿ ಆದೇಶಗಳ ಕಾಯ್ದೆಗೆ ಸಂಬಂಧಿಸಿದ್ದು. ಛಾಟಣಿಯ ನಿಯಮಗಳಿಗೆ ಆ ವಿನಾಯಿತಿ ಇರಲಿಲ್ಲ.

ಈಗ ಪಕ್ಕಕ್ಕೆ ಇನ್ನೊಂದು ಲೆಕ್ಕ ಇಟ್ಟು ನೋಡೋಣ. ಸರ್ಕಾರಿ ಕಂಪನಿಗಳಲ್ಲೂ ವಯಸ್ಸಾದವರನ್ನು ಕಳಿಸಿದ್ದಾರೆ, ಅದೂ ಸಾವಿರಗಟ್ಟಲೆ. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಬಿಎಸ್‌ಎನ್‌ಎಲ್ ಪುನಶ್ಚೇತನಕ್ಕೆ ಒಪ್ಪಿಗೆ ಕೊಟ್ಟಿತು. ಅದರಲ್ಲೇ ಸ್ವಯಂ ನಿವೃತ್ತಿ ಯೋಜನೆಯೂ ಇತ್ತು. ಐವತ್ತು ವರ್ಷ ದಾಟಿದವರಿಗೆ ಮಾತ್ರ. ನವೆಂಬರ್ 4ರಿಂದ ಡಿಸೆಂಬರ್ 3ರವರೆಗೆ ಅರ್ಜಿ ಹಾಕಲು ಸಮಯ. 78 ಸಾವಿರಕ್ಕೂ ಹೆಚ್ಚು ಜನ ಆರಿಸಿಕೊಂಡರು. 2020ರ ಜನವರಿ 31ಕ್ಕೆ ಒಂದೇ ದಿನ ಎಲ್ಲರೂ ಹೊರಬಂದರು. ನಮ್ಮೂರ ಟೆಲಿಫೋನ್ ಎಕ್ಸ್‌ಚೇಂಜಿನಂಥ ಕಚೇರಿಗಳಲ್ಲಿ ಮರುದಿನ ಕುರ್ಚಿಗಳೇ ಹೆಚ್ಚು, ಜನ ಕಡಿಮೆ. ಸಂಬಳ ತಡವಾಗುತ್ತಿದ್ದ ವರ್ಷದಲ್ಲಿ ಬಂದ ‘ಸ್ವಯಂ’ ಎಷ್ಟು ಸ್ವಯಂ ಎಂದು ಕೇಳಬಹುದು, ಕೇಳಬೇಕು ಕೂಡ. ಆದರೂ ಅಲ್ಲಿ ವಯಸ್ಸನ್ನು ಮುಚ್ಚಿಡಲಿಲ್ಲ, ಕಾಗದದಲ್ಲೇ ಬರೆದಿದ್ದರು. ಯೋಚಿಸಲು ಒಂದು ತಿಂಗಳು ಇತ್ತು, ಮನೆಯವರೊಂದಿಗೆ, ಯೂನಿಯನ್‌ನೊಂದಿಗೆ ಮಾತಾಡಬಹುದಿತ್ತು. ಪೆನ್ಷನ್ ಇತ್ತು. ಲೆಕ್ಕವೂ ಬಹಿರಂಗ: ದುಡಿದ ಪ್ರತಿ ವರ್ಷಕ್ಕೆ 35 ದಿನದ ಸಂಬಳ, ನಿವೃತ್ತಿಗೆ ಉಳಿದ ಪ್ರತಿ ವರ್ಷಕ್ಕೆ 25 ದಿನದ್ದು.

ಯೋಜನೆಯ ಗರಿಷ್ಠ ಮಿತಿಗಳನ್ನು ಬದಿಗಿಟ್ಟು ಇದೇ ಸೂತ್ರವನ್ನು ನಮ್ಮ ಸರ್‌ಗೆ ಹಾಕಿ ನೋಡಿದೆ. ಹದಿನಾಲ್ಕು ವರ್ಷಕ್ಕೆ 490 ದಿನ, ಅರವತ್ತಕ್ಕೆ ಉಳಿದ ಹನ್ನೊಂದು ವರ್ಷಕ್ಕೆ 275 ದಿನ. ಒಟ್ಟು 765 ದಿನ, ಅಂದರೆ ಎರಡು ವರ್ಷಕ್ಕೂ ಹೆಚ್ಚಿನ ಸಂಬಳ. ಛಾಟಣಿ ಪರಿಹಾರದ ಲೆಕ್ಕ ಹಾಕಿದರೂ ಸುಮಾರು ಏಳು ತಿಂಗಳದ್ದು ಆಗುತ್ತದೆ, ಜೊತೆಗೆ ನೋಟಿಸ್. ಅವರ ಕೈಗೆ ಬಂದದ್ದು ಮೂರು ತಿಂಗಳದ್ದು.

ಬೆಂಗಳೂರಿನ ಎಚ್‌ಎಂಟಿ ವಾಚ್ ಕಥೆ ನಿಮ್ಮ ಮನೆ ಹಿರಿಯರಿಗೆ ಗೊತ್ತೇ ಇರುತ್ತದೆ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಒಪ್ಪಿದಾಗ ಉಳಿದಿದ್ದವರಿಗೆ 2007ರ ವೇತನ ಶ್ರೇಣಿಯ ಲೆಕ್ಕದಲ್ಲಿ ನಿವೃತ್ತಿ ಪ್ಯಾಕೇಜ್ ಕೊಟ್ಟರು. ಅಲ್ಲಿ ಕಾರ್ಖಾನೆಯೇ ಹೋಯಿತು. ನಮ್ಮಲ್ಲಿ ಕಾರ್ಖಾನೆ ಜೋರಾಗೇ ನಡೆಯುತ್ತಿದೆ, ಹೋಗುತ್ತಿರುವುದು ಒಂದು ವಯಸ್ಸಿನ ಜನ ಮಾತ್ರ.

ಇದು ಬರೀ ಲಕ್ಷ ಸಂಬಳದವರ ಗೋಳು ಎಂದು ನಿಮಗೆ ಅನ್ನಿಸಿದರೆ ಗೌರಿಬಿದನೂರು, ದೊಡ್ಡಬಳ್ಳಾಪುರ ದಾರಿಯಲ್ಲಿ ಬೆಳಗ್ಗೆ ಓಡುವ ಗಾರ್ಮೆಂಟ್ಸ್ ವ್ಯಾನುಗಳನ್ನು ನೋಡಿ. ಒಳಗೆ ಕೂತಿರುವ ಹೆಣ್ಣುಮಕ್ಕಳಲ್ಲಿ ಐವತ್ತು ದಾಟಿದವರನ್ನು ಹುಡುಕಬೇಕು. ಕಣ್ಣು ಮಂಜಾಗಿ, ಬೆನ್ನು ಹಿಡಿದು, ಗಂಟೆಯ ಟಾರ್ಗೆಟ್ ಮುಟ್ಟಲಾಗದೆ ಅವರು ಆ ಹೊತ್ತಿಗೆ ಮನೆ ಸೇರಿರುತ್ತಾರೆ. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ರಸ್ತೆಗಳಿಗೆ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಇಳಿದದ್ದು ನೆನಪಿರಬಹುದು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ಆಗುವವರೆಗೂ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಆ ಗಲಾಟೆ. ದಿಲ್ಲಿಯಲ್ಲಿ ನಿಯಮ ಬರೆದವರಿಗೆ 58 ಎಂಬುದು ನಿವೃತ್ತಿಯ ಸಹಜ ವಯಸ್ಸು. ಹೊಲಿಗೆ ಮಿಷನ್ನಿನ ಮುಂದೆ ಕೂತವರಿಗೆ ಅದು ತಲುಪಲಾಗದ ವಯಸ್ಸು. ಎರಡನೇ ದಿನ ಸಂಜೆಯ ಹೊತ್ತಿಗೆ ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ನಾವು ಐಟಿಯವರು ಅವತ್ತು ಟ್ರಾಫಿಕ್ ಜಾಮ್ ಆಯಿತೆಂದು ಬೈದುಕೊಂಡು ಕೂತಿದ್ದೆವು ಎಂಬುದನ್ನೂ ಹೇಳಿಬಿಡಬೇಕು.

ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆಯ ಮನೆಗಳಲ್ಲಿ ಕಥೆ ಬೇರೆ ಥರ. ಅಲ್ಲಿ ಯಾರೂ ರಾಜೀನಾಮೆ ಕೇಳುವುದಿಲ್ಲ. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಬೆರಳು ಸವೆದವರು ತಾವೇ ಒಂದು ದಿನ ಬರುವುದು ನಿಲ್ಲಿಸುತ್ತಾರೆ. ಆಟೋಮ್ಯಾಟಿಕ್ ಯಂತ್ರ ಬಂದ ಕಡೆ ಕಡಿಮೆ ಜನ ಸಾಕಾಗುತ್ತದೆ. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಹೋದವರ ಲೆಕ್ಕ ಎಲ್ಲೂ ಇಲ್ಲ. ಅದನ್ನೇ ಒಂದು ಲೇಖನವಾಗಿ ಬರೆಯಬೇಕು.

ವಯಸ್ಸಿನ ಮಾತಿಗೆ ಬರುತ್ತೇನೆ. ನಮ್ಮ ಸಂವಿಧಾನದ 15 ಮತ್ತು 16ನೇ ವಿಧಿಗಳಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಆಧಾರದ ಮೇಲೆ ಭೇದ ಮಾಡಬಾರದೆಂದಿದೆ. ವಯಸ್ಸು ಆ ಪಟ್ಟಿಯಲ್ಲಿಲ್ಲ. ಖಾಸಗಿ ಕಂಪನಿಯಲ್ಲಿ ವಯಸ್ಸಿನ ಕಾರಣಕ್ಕೆ ತೆಗೆಯಬಾರದು ಎಂಬ ಪ್ರತ್ಯೇಕ ಕಾಯ್ದೆಯೂ ನಮ್ಮಲ್ಲಿಲ್ಲ. ನಾವು ಯಾರಿಗಾಗಿ ರಾತ್ರಿಯೆಲ್ಲ ಕೆಲಸ ಮಾಡುತ್ತೇವೋ ಆ ಅಮೆರಿಕದಲ್ಲಿ 1967ರಿಂದಲೇ ಇದೆ, ನಲವತ್ತು ದಾಟಿದ ಎಲ್ಲರಿಗೂ. 1990ರಲ್ಲಿ ಅದಕ್ಕೆ ಇನ್ನೊಂದು ಕಾಯ್ದೆ ಸೇರಿಸಿದರು. ಕೇಸು ಹಾಕುವುದಿಲ್ಲ ಎಂದು ಹಿರಿಯ ನೌಕರನಿಂದ ಸಹಿ ಹಾಕಿಸಿಕೊಳ್ಳಬೇಕಾದರೆ ಯೋಚಿಸಲು ಕನಿಷ್ಠ 21 ದಿನ ಕೊಡಬೇಕು. ಗುಂಪಾಗಿ ಕಳಿಸುವುದಾದರೆ 45 ದಿನ. ಸಹಿ ಹಾಕಿದ ಮೇಲೂ ಮನಸ್ಸು ಬದಲಿಸಲು ಏಳು ದಿನ. ಅಷ್ಟೇ ಅಲ್ಲ, ಗುಂಪಾಗಿ ಕಳಿಸುವಾಗ ಯಾವ ಯಾವ ವಯಸ್ಸಿನವರನ್ನು ಆರಿಸಿದ್ದೇವೆ, ಯಾರನ್ನು ಉಳಿಸಿದ್ದೇವೆ ಎಂಬ ಪಟ್ಟಿಯನ್ನೂ ಕೊಡಬೇಕು. ನಮ್ಮ ಫ್ಲೋರಿನ ಒಂಬತ್ತು ಜನರ ಪಟ್ಟಿಯನ್ನು ನಾನು ಬೆರಳಲ್ಲಿ ಎಣಿಸಿದ್ದು.

ಹಾಗಂತ ಅಲ್ಲಿ ಎಲ್ಲ ಸರಿಯಿದೆ ಎಂದಲ್ಲ. ಐಬಿಎಂ ಐದು ವರ್ಷದಲ್ಲಿ ನಲವತ್ತು ದಾಟಿದ ಸುಮಾರು 20 ಸಾವಿರ ಅಮೆರಿಕನ್ ನೌಕರರನ್ನು ಕಳಿಸಿದೆ ಎಂದು ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ 2018ರಲ್ಲಿ ಅಂದಾಜು ಮಾಡಿ ಬರೆಯಿತು. ಅಲ್ಲಿನ ಸಮಾನ ಉದ್ಯೋಗಾವಕಾಶ ಆಯೋಗ 2020ರಲ್ಲಿ ವಯಸ್ಸಿನ ಭೇದ ನಡೆದಿದೆ ಎಂದು ನಂಬಲು ಕಾರಣವಿದೆ ಎಂದಿತು. ಒಂದು ಕೇಸಿನಲ್ಲಿ ಹೊರಬಂದ ಹಿರಿಯ ಅಧಿಕಾರಿಗಳ ಇಮೇಲ್‌ಗಳಲ್ಲಿ ವಯಸ್ಸಾದ ನೌಕರರನ್ನು ‘ಡೈನೊಬೇಬಿಗಳು’ ಎಂದು ಕರೆದದ್ದು 2022ರಲ್ಲಿ ದೊಡ್ಡ ಸುದ್ದಿಯಾಯಿತು. ವ್ಯವಸ್ಥಿತವಾಗಿ ಯಾವ ಭೇದವೂ ನಡೆದಿಲ್ಲ ಎಂಬುದು ಕಂಪನಿಯ ಉತ್ತರ. ಕಾನೂನು ಇದ್ದುದರಿಂದಲೇ ಆ ಇಮೇಲ್‌ಗಳು ಕೋರ್ಟಿನವರೆಗೆ ಬಂದವು.

ಚಿಕ್ಕಬಳ್ಳಾಪುರದವನಾಗಿ ಮುದ್ದೇನಹಳ್ಳಿಯ ಹೆಸರು ಎತ್ತದಿದ್ದರೆ ಊರವರು ಬಿಡುವುದಿಲ್ಲ. ಪ್ರತಿ ಸೆಪ್ಟೆಂಬರ್ 15ಕ್ಕೆ ನಮ್ಮ ಆಫೀಸಿನಲ್ಲಿ ವಿಶ್ವೇಶ್ವರಯ್ಯನವರ ಫೋಟೊಗೆ ಹಾರ ಹಾಕಿ ಇಂಜಿನಿಯರ್ಸ್ ಡೇ ಮಾಡುತ್ತಾರೆ, ಕೇಕ್ ಕತ್ತರಿಸುತ್ತಾರೆ. ಅವರು 1861ರಲ್ಲಿ ಹುಟ್ಟಿದವರು. ಬೊಂಬಾಯಿ ಸರ್ಕಾರದ ಕೆಲಸ ಬಿಟ್ಟು ಬಂದಾಗ ಅವರಿಗೆ 47 ವರ್ಷ ಆಸುಪಾಸು, ನಮ್ಮ ಲೆಕ್ಕದಲ್ಲಿ ‘ಲೆವೆಲ್‌ಗೆ ಪ್ರಾಜೆಕ್ಟ್ ಇಲ್ಲದ’ ವಯಸ್ಸು. ಮೈಸೂರಿನ ಚೀಫ್ ಇಂಜಿನಿಯರ್ ಆದದ್ದು ಅದಾದ ಮೇಲೆ, 1909ರಲ್ಲಿ. ಕನ್ನಂಬಾಡಿ ಕೆಲಸ ಶುರುವಾದದ್ದೂ ಆಮೇಲೆಯೇ. ದಿವಾನರಾದದ್ದು 1912ರಲ್ಲಿ. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತದ್ದು 1923ರಲ್ಲಿ, ಅರವತ್ತು ದಾಟಿ. ಈಗಿನ ಎಚ್‌ಆರ್ ಸಾಫ್ಟ್‌ವೇರಿಗೆ ಆ ರೆಸ್ಯೂಮೆ ಹಾಕಿದರೆ ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತದೆ. ಎಲ್ಲರೂ ವಿಶ್ವೇಶ್ವರಯ್ಯ ಆಗುವುದಿಲ್ಲ, ಸರಿ. ಆದರೆ ಅವರ ಫೋಟೊ ಇಟ್ಟ ಕಾನ್ಫರೆನ್ಸ್ ರೂಮಿನಲ್ಲೇ ಆ ಗುರುವಾರದ ಮೀಟಿಂಗ್ ನಡೆದದ್ದು.

ಇದನ್ನು ಬರೆಯುತ್ತೇನೆ ಎಂದಾಗ ನಮ್ಮ ಬೀದಿಯ ಅಕ್ಕ ಒಬ್ಬರು, ‘ಕಥೆ ಇರಲಿ ತಮ್ಮಾ, ನಮ್ಮ ಮನೆಯವರಿಗೂ ಆ ಥರ ಮೀಟಿಂಗ್ ಬಂದರೆ ಏನು ಮಾಡೋದು ಅಂತ ಬರಿ’ ಅಂದರು. ನಾನು ವಕೀಲನಲ್ಲ. ಓದಿ, ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಅವತ್ತೇ ಸಹಿ ಹಾಕಬೇಡಿ. ‘ಓದಿ ಹೇಳುತ್ತೇನೆ, ಇಮೇಲ್‌ನಲ್ಲಿ ಕಳಿಸಿ’ ಎನ್ನಿ. ಅಷ್ಟು ಹೇಳುವುದಕ್ಕೆ ಯಾವ ಕಾನೂನೂ ಅಡ್ಡಿಯಿಲ್ಲ. ಬಲವಂತವಾಗಿ ಹಾಕಿಸಿದರೆ ಅದೇ ದಿನ ನಿಮ್ಮ ಸ್ವಂತ ಇಮೇಲ್‌ನಿಂದ ಕಂಪನಿಗೆ ಬರೆಯಿರಿ: ಇಂಥ ಹೊತ್ತಿನಲ್ಲಿ, ಇಂಥವರು ಹೇಳಿದ್ದರಿಂದ ಕೊಟ್ಟೆ, ನನ್ನ ಇಚ್ಛೆಯಿಂದಲ್ಲ ಎಂದು. ತಡವಾದಷ್ಟೂ ಆ ಮಾತಿಗೆ ಬೆಲೆ ಕಡಿಮೆ. ಅಪ್ರೈಸಲ್ ಪತ್ರ, ಸಂಬಳದ ಸ್ಲಿಪ್, ಆಫರ್ ಲೆಟರ್ ಇವನ್ನು ಈಗಲೇ ಮನೆಯಲ್ಲಿ ಒಂದು ಕಡೆ ಇಡಿ, ಲ್ಯಾಪ್‌ಟಾಪ್ ಲಾಕ್ ಆದಮೇಲೆ ಏನೂ ಸಿಗುವುದಿಲ್ಲ. ಕಂಪನಿಯ ಕೋಡು, ಗ್ರಾಹಕರ ಕಾಗದ ಮಾತ್ರ ಮುಟ್ಟಬೇಡಿ, ಅದು ಬೇರೆಯೇ ತಲೆನೋವು.

ಗ್ರಾಚ್ಯುಟಿ ಕಂಪನಿ ದಯೆಯಿಂದ ಕೊಡುವುದಲ್ಲ. ಐದು ವರ್ಷ ಆದವರಿಗೆ ರಾಜೀನಾಮೆ ಕೊಟ್ಟರೂ ಅದು ಬರಬೇಕು. ಕಾನೂನು ಲೆಕ್ಕಕ್ಕೆ ಹಿಡಿಯುವ ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ, ಅದನ್ನು ವರ್ಷಗಳಿಂದ ಗುಣಿಸಿದರೆ ನಿಮ್ಮ ಮೊತ್ತ. ಆ ವೇತನ 80 ಸಾವಿರ, ಹದಿನಾಲ್ಕು ವರ್ಷ ಎಂದಿಟ್ಟುಕೊಂಡರೆ ಸುಮಾರು 6.46 ಲಕ್ಷ. ಮೂವತ್ತು ದಿನದೊಳಗೆ ಕೊಡಬೇಕು. ‘ಪ್ಯಾಕೇಜ್‌ನಲ್ಲಿ ಗ್ರಾಚ್ಯುಟಿಯೂ ಸೇರಿದೆ’ ಎಂದು ದೊಡ್ಡ ಸಂಖ್ಯೆ ತೋರಿಸುವವರೂ ಇದ್ದಾರೆ, ಅದನ್ನು ಕಳೆದು ನೋಡಿ. ಪಿಎಫ್‌ನ ಪೆನ್ಷನ್ ಭಾಗದಲ್ಲಿ ಹತ್ತು ವರ್ಷ ತುಂಬಿದ್ದರೆ 58ಕ್ಕೆ ಪಿಂಚಣಿ ಬರುತ್ತದೆ. 50 ಆದಮೇಲೆ ಬೇಗನೆಯೂ ತೆಗೆದುಕೊಳ್ಳಬಹುದು, ಆದರೆ ಮುಂಚೆ ತೆಗೆದುಕೊಂಡ ಪ್ರತಿ ವರ್ಷಕ್ಕೆ ಶೇ 4ರಷ್ಟು ಕಡಿಮೆಯಾಗುತ್ತದೆ.

ಎಲ್ಲರೂ ಮರೆಯುವುದು ಆರೋಗ್ಯ ವಿಮೆ. ಕಂಪನಿಯ ಗುಂಪು ವಿಮೆಯಲ್ಲಿ ಅಪ್ಪ ಅಮ್ಮನೂ ಇರುತ್ತಾರೆ. ಕೆಲಸದ ಜೊತೆಗೇ ಅದೂ ಹೋಗುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳುವ ದಾರಿ ಇದೆ. ಬಿಡುವ ಮುಂಚೆಯೇ ಎಚ್‌ಆರ್‌ಗೆ ಬರೆದು ಕೇಳಬೇಕು. ಸರ್ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಈ ವಿಷಯ ಎತ್ತಿದ್ದು ಅವರ ಹೆಂಡತಿ. ಅತ್ತೆಗೆ ಎಪ್ಪತ್ತೆಂಟು, ಸಕ್ಕರೆ ಕಾಯಿಲೆ, ಮಂಡಿ ಆಪರೇಷನ್ ಬಾಕಿ. ಪ್ರೀಮಿಯಂ ಕೇಳಿ ಇಬ್ಬರೂ ಒಂದು ನಿಮಿಷ ಸುಮ್ಮನಾದರಂತೆ. ಆದರೂ ಕಟ್ಟಿದ್ದಾರೆ.

ಗ್ರಾಚ್ಯುಟಿ ಬಂದಿದೆ. ಚಿಂತಾಮಣಿ ಹತ್ತಿರದ ಜಮೀನಿಗೆ ಡ್ರಿಪ್ ಹಾಕಿಸುವ ಮಾತಾಡುತ್ತಾರೆ, ಬೋರ್‌ವೆಲ್ ನೀರು ನೋಡಿ ಸುಮ್ಮನಾಗುತ್ತಾರೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಕೆಲಸ ಕೊಡಿಸುವ ಏಜೆನ್ಸಿಯ ಹುಡುಗಿ ಕಳೆದ ವಾರ ಫೋನ್ ಮಾಡಿ, ‘ಸರ್, ಪ್ರೊಫೈಲ್ ತುಂಬಾ ಚೆನ್ನಾಗಿದೆ, ಬಿಇ ಮುಗಿಸಿದ ವರ್ಷ ಒಂದು ತೆಗೆದುಬಿಡಿ’ ಅಂದಳಂತೆ. ತೆಗೆದು ಕಳಿಸಿದ್ದಾರೆ. ಇಂಟರ್‌ವ್ಯೂ ಬರುವ ಮಂಗಳವಾರ, ವಿಡಿಯೊ ಕಾಲ್‌ನಲ್ಲಿ.